ಹಾಜರಿ ಪಟ್ಟಿಯಲ್ಲಿ ಉಳಿದ ಊರು



ನಮ್ಮ ಸಮಾಜದಲ್ಲಿ ಪ್ರತಿಯೊಂದು ಸಂಬಂಧಕ್ಕೂ ಒಂದು ಹೆಸರಿದೆ. ಪ್ರತಿಯೊಂದು ಹೆಸರಿಗೂ ಒಂದು ಕರ್ತವ್ಯವಿದೆ. ಮದುವೆಯಲ್ಲಿ ಸೋದರಮಾವನು ಏನು ಮಾಡಬೇಕು, ಬೀಗರು ಬಂದಾಗ ಯಾರು ಎದುರುಗೊಳ್ಳಬೇಕು, ಮನೆಯ ಹಿರಿಯರು ಲಿಂಗೈಕ್ಯರಾದಾಗ ಯಾರು ಹೆಗಲು ಕೊಡಬೇಕು ಎಂಬುದನ್ನು ಯಾರೂ ಬರೆದಿಟ್ಟಿಲ್ಲ. ಆದರೂ ಎಲ್ಲರಿಗೂ ತಿಳಿದಿದೆ. ಆದರೆ ಪ್ರೌಢಶಾಲೆಯಲ್ಲಿ ಮೂರು ವರ್ಷ ಒಂದೇ ಬೆಂಚಿನ ಮೇಲೆ ಕುಳಿತು ಓದಿದವನೊಬ್ಬನು ತೀರಿಕೊಂಡರೆ ನಾವು ಮಾಡಬೇಕಾದುದೇನು? ಅವನು ನಮ್ಮ ಬಳಗದವನಲ್ಲ, ಬೀಗನಲ್ಲ; ಎಷ್ಟೋ ವೇಳೆ ನಮ್ಮ ಜಾತಿ, ಊರುಗಳವನೂ ಅಲ್ಲ. ಸುದ್ದಿ ಕೇಳಿ "ಅಯ್ಯೋ ಪಾಪ" ಎಂದು ಒಂದು ಗಳಿಗೆ ಮರುಗಿ ಮತ್ತೆ ನಮ್ಮ ಕೆಲಸಕ್ಕೆ ತೊಡಗಿದರೆ ನಮ್ಮನ್ನು ಕೇಳುವವರು ಯಾರೂ ಇಲ್ಲ. ಕೇಳುವವರಿಲ್ಲದ ಕರ್ತವ್ಯವನ್ನು ಮನುಷ್ಯನು ಬೇಗನೆ ಮರೆಯುತ್ತಾನೆ. ನಾವೂ ಹಾಗೆಯೇ ಮರೆತಿದ್ದೆವು. ಆ ತಪ್ಪನ್ನು, ಅದರಿಂದ ಕಲಿತುದನ್ನು ಈ ತಿಂಗಳು ನಿಮ್ಮ ಮುಂದೆ ಇಡಬೇಕೆಂದಿದ್ದೇವೆ.

ನಾವು ಹುಟ್ಟಿದ್ದು ಕೃಷ್ಣೆಯ ಉತ್ತರಕ್ಕೆ, ಬಸವನ ಬಾಗೇವಾಡಿ ಸೀಮೆಯ ಒಂದು ಒಣಭೂಮಿಯ ಹಳ್ಳಿಯಲ್ಲಿ. ಮನೆಯಲ್ಲಿ ಬಡತನ. ಬಾಗಲಕೋಟೆಯಲ್ಲಿ ಉಚಿತ ಪ್ರಸಾದನಿಲಯವಿದೆ, ಹುಡುಗನನ್ನು ಅಲ್ಲಿಗೆ ಕಳಿಸಿರಿ ಎಂದು ಊರಿನ ಹಿರಿಯರು ಹೇಳಿದ್ದರಿಂದ ಎಂಟನೆಯ ತರಗತಿಗೆ ಅಲ್ಲಿಗೆ ಬಂದೆವು. ಆಗ ಬಾಗಲಕೋಟೆ ವಿಜಾಪುರ ಜಿಲ್ಲೆಯ ಒಂದು ತಾಲೂಕು ಸ್ಥಳ. ಅದು ಪ್ರತ್ಯೇಕ ಜಿಲ್ಲೆಯಾದುದು ೧೯೯೭ರಲ್ಲಿ. ಮೀಟರ್ ಗೇಜಿನ ಉಗಿಬಂಡಿಯಲ್ಲಿ ಕೃಷ್ಣೆಯನ್ನು ದಾಟಿ ಬರಬೇಕಾಗಿತ್ತು. ಆಲಮಟ್ಟಿ ನಿಲ್ದಾಣದಲ್ಲಿ ಗಾಡಿ ನಿಂತಾಗ ಅಣೆಕಟ್ಟೆಯ ಕೆಲಸಕ್ಕೆ ಹೋಗುವ ಕೂಲಿಕಾರರು ಬುತ್ತಿಯ ಗಂಟು ಹಿಡಿದು ಇಳಿಯುತ್ತಿದ್ದರು. ಇವರು ಕಟ್ಟುತ್ತಿರುವುದು ನಮ್ಮ ಶಾಲೆಯ ಹುಡುಗರ ಮನೆಗಳನ್ನು ಮುಳುಗಿಸುವ ಕಟ್ಟೆ ಎಂಬ ಯೋಚನೆ ಹದಿಮೂರು ವರ್ಷದ ನಮಗೆ ಎಲ್ಲಿಂದ ಬರಬೇಕು? ನಾವು ಕಿಟಕಿಯಿಂದ ಹೊಳೆಗೆ ಕಾಸು ಒಗೆದು ಕೈಮುಗಿಯುತ್ತಿದ್ದೆವು, ಅಷ್ಟೆ.

ಬಾಗಲಕೋಟೆ ಘಟಪ್ರಭೆಯ ದಂಡೆಯ ಊರು. ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆ ಎಂಬ ಹೆಸರುಗಳು ನಮ್ಮ ಕಿವಿಯಲ್ಲಿ ಇಂದಿಗೂ ಪಾಠದ ಹಾಗೆ ಉಳಿದಿವೆ. ಹೋಳಿ ಹುಣ್ಣಿಮೆ ಬಂದಿತೆಂದರೆ ಈ ಓಣಿಗಳ ನಡುವೆ ಸ್ಪರ್ಧೆ. ಹುಣ್ಣಿಮೆಗೆ ಎಷ್ಟೋ ದಿನ ಮೊದಲೇ ಹಲಗಿಯ ಸಪ್ಪಳ ಆರಂಭವಾಗುತ್ತಿತ್ತು. ಪರೀಕ್ಷೆಯೂ ಆ ದಿನಗಳಲ್ಲಿಯೇ ಬರುತ್ತಿತ್ತು. ಮಾಸ್ತರರು ಬೀಜಗಣಿತ ಹೇಳುತ್ತಿದ್ದರೆ ಹುಡುಗರ ಬೆರಳು ಬೆಂಚಿನ ಮೇಲೆ ಹಲಗಿ ಬಾರಿಸುತ್ತಿತ್ತು. ಬಂಡಿಗಳ ಮೇಲೆ ಬಣ್ಣದ ಪೀಪಾಯಿಗಳನ್ನು ಹೇರಿಕೊಂಡು ಓಣಿಯಿಂದ ಓಣಿಗೆ ಹೊರಡುವ ಆ ಮೆರವಣಿಗೆಯನ್ನು ನೋಡಲು ಸುತ್ತಲಿನ ಹಳ್ಳಿಗಳವರೆಲ್ಲ ಬರುತ್ತಿದ್ದರು. ಪ್ರಸಾದನಿಲಯದ ಹುಡುಗರಿಗೆ ಹೊರಗೆ ಹೋಗಲು ಅಪ್ಪಣೆ ಇರಲಿಲ್ಲ. ಆದರೂ ನಮ್ಮ ಬೆಂಚಿನ ಗೆಳೆಯನೊಬ್ಬನು ಹಿತ್ತಲ ಗೋಡೆಯ ಆಚೆ ನಿಂತು ಕೂಗು ಹಾಕಿದರೆ ನಮ್ಮ ಕಾಲು ನಿಲ್ಲುತ್ತಿರಲಿಲ್ಲ.

ಆ ಗೆಳೆಯನ ಹೆಸರು ಇಲ್ಲಿ ಬೇಡ. ಹೊಳೆಗೆ ಇಳಿಯುವ ತಗ್ಗಿನ ಓಣಿಯಲ್ಲಿ ಅವನ ಮನೆ. ಮುಂದೆ ಬಟ್ಟೆಯ ಅಂಗಡಿ, ಹಿಂದೆ ವಾಸ. ಗುಳೇದಗುಡ್ಡದ ಖಣ, ಇಳಕಲ್ಲಿನ ಸೀರೆಗಳನ್ನು ಅವನ ತಂದೆ ಮಾರುತ್ತಿದ್ದರು. ಭಾನುವಾರ ಮಧ್ಯಾಹ್ನ ಅವನ ತಾಯಿ ನಮ್ಮನ್ನು ಕರೆದು ಬಿಸಿರೊಟ್ಟಿ, ಎಣ್ಣೆಗಾಯಿ ಪಲ್ಯ ಬಡಿಸುತ್ತಿದ್ದರು. ಪ್ರಸಾದನಿಲಯದ ಸಾರು ಹುಡುಗರನ್ನು ಬದುಕಿಸಿತು, ಆ ನಿಲಯಕ್ಕೆ ನಾವು ಋಣಿ. ಆದರೆ ಮನೆಯ ಒಲೆಯ ಮುಂದೆ ಕುಳಿತು ಉಣ್ಣುವ ಸುಖವನ್ನು ನಮಗೆ ಕೊಟ್ಟವರು ಆ ತಾಯಿ. ಮುಚಖಂಡಿಯ ಕೆರೆಗೆ ನಡೆದುಹೋಗಿ ಈಜು ಕಲಿತದ್ದು, ಬರುವಾಗ ಯಾರದೋ ಹೊಲದ ಕಡಲೆಗಿಡ ಕಿತ್ತು ತಿಂದು ಬೈಸಿಕೊಂಡದ್ದು, ಎಲ್ಲ ಅವನ ಜೊತೆಗೆ.

ಊರು ಮುಳುಗುವುದೆಂಬ ಮಾತು ಆಗಲೇ ಕೇಳಿಬರುತ್ತಿತ್ತು. ಆಲಮಟ್ಟಿಯ ಕಟ್ಟೆಗೆ ಲಾಲ್ ಬಹಾದ್ದೂರ ಶಾಸ್ತ್ರಿಯವರು ೧೯೬೪ರಲ್ಲಿ ಅಡಿಗಲ್ಲು ಇಟ್ಟಿದ್ದರು. ಘಟಪ್ರಭೆ ಆ ಕಟ್ಟೆಗಿಂತ ಮೇಲೆ ಕೃಷ್ಣೆಯನ್ನು ಕೂಡುತ್ತದೆ. ಆದ್ದರಿಂದ ಕೃಷ್ಣೆಯಲ್ಲಿ ನೀರು ನಿಂತರೆ ಅದು ಘಟಪ್ರಭೆಯ ಪಾತ್ರದಲ್ಲಿ ಹಿಂದಕ್ಕೆ ಏರಿ ಬಾಗಲಕೋಟೆಯ ಮೆಟ್ಟಿಲು ಮುಟ್ಟುತ್ತದೆ. ಭೂಗೋಲದ ಮಾಸ್ತರರು ಇದನ್ನು ಕರಿಹಲಗೆಯ ಮೇಲೆ ಚಿತ್ರ ಬರೆದು ತೋರಿಸಿದಾಗ ಹುಡುಗರು ನಕ್ಕರು. "ಹಂಗಾದ್ರ ಸಾಲಿಗೆ ದೋಣಿಯೊಳಗ ಬರೋಣ" ಎಂದು ನಮ್ಮ ಗೆಳೆಯನು ಹಿಂದಿನ ಬೆಂಚಿನಿಂದ ಕೂಗಿದನು. ಮಾಸ್ತರರು ಅವನಿಗೆ ಹೊಡೆಯಲಿಲ್ಲ. ಸುಮ್ಮನೆ ಸೀಮೆಸುಣ್ಣ ಕೆಳಗಿಟ್ಟು ಹೊರಗೆ ನೋಡಿದರು. ಅವರ ಮನೆಯೂ ಆ ತಗ್ಗಿನ ಓಣಿಯಲ್ಲಿಯೇ ಇತ್ತೆಂಬುದು ನಮಗೆ ನೆನಪಾದದ್ದು ಬಹಳ ವರ್ಷಗಳ ಮೇಲೆ.

೧೯೭೫ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ ನಾವು ಮಠವೊಂದಕ್ಕೆ ಸಂಸ್ಕೃತ ಮತ್ತು ವಚನಶಾಸ್ತ್ರದ ಅಧ್ಯಯನಕ್ಕೆ ಹೋದೆವು. ಉಳಿದವರು ಅಂಗಡಿ, ನೌಕರಿ, ಒಕ್ಕಲುತನಗಳೆಂದು ಹರಿದು ಹಂಚಿಹೋದರು. ಹುಬ್ಬಳ್ಳಿ, ಸೊಲ್ಲಾಪುರ, ಪುಣೆ, ಬೆಂಗಳೂರು ಎಂದು ಪ್ರತಿಯೊಬ್ಬರಿಗೂ ಒಂದೊಂದು ದಿಕ್ಕು. ಇದು ಎಲ್ಲ ಶಾಲೆಗಳ ಕಥೆ. ಆದರೆ ಬೇರೆ ಊರಿನವರಿಗೆ ರಜೆಗೆ ಬಂದಾಗ ಅದೇ ಓಣಿ, ಅದೇ ಕಟ್ಟೆ, ಅದೇ ಬೇವಿನ ಗಿಡ ಇರುತ್ತವೆ. ಅವನ್ನು ಕಂಡರೆ ಸಾಕು, ಮರೆತ ಗೆಳೆಯ ತಾನಾಗಿ ನೆನಪಾಗುತ್ತಾನೆ. ನಮ್ಮವರಿಗೆ ಆ ಭಾಗ್ಯ ಉಳಿಯಲಿಲ್ಲ.

೧೯೮೩ರಲ್ಲಿ ಬಾಗಲಕೋಟೆ ಪಟ್ಟಣಾಭಿವೃದ್ಧಿ ಪ್ರಾಧಿಕಾರದ ಕಾಯಿದೆ ಬಂದಿತು. ಎತ್ತರದಲ್ಲಿ ನವನಗರ ಎಂಬ ಹೊಸ ಊರು ಎದ್ದಿತು. ಅಲ್ಲಿ ಓಣಿಗಳಿಲ್ಲ, ಸೆಕ್ಟರುಗಳಿವೆ; ಅವುಗಳಿಗೆ ಹೆಸರಿಗಿಂತ ಮೊದಲು ಸಂಖ್ಯೆ. ೨೦೦೦ದಲ್ಲಿ ಸರ್ವೋಚ್ಚ ನ್ಯಾಯಾಲಯವು ಕಟ್ಟೆಯ ಎತ್ತರವನ್ನು ೫೧೯.೬ ಮೀಟರಿನವರೆಗೆ ಒಪ್ಪಿತು. ೨೦೦೬ರಲ್ಲಿ ಅಂದಿನ ರಾಷ್ಟ್ರಪತಿ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಆ ಜಲಾಶಯವನ್ನು ನಾಡಿಗೆ ಅರ್ಪಿಸಿದರು. ಅದು ತುಂಬಿದಾಗ ಸುಮಾರು ೧೨೩ ಟಿ.ಎಂ.ಸಿ. ನೀರು ನಿಲ್ಲುತ್ತದೆ. ನೂರಕ್ಕೂ ಹೆಚ್ಚು ಹಳ್ಳಿಗಳ ಮನೆ ಹೊಲಗಳು, ಬಾಗಲಕೋಟೆಯ ಹೊಳೆಯ ಬದಿಯ ಓಣಿಗಳು ಆ ನೀರಿಗೆ ಎಡೆ ಬಿಟ್ಟುಕೊಟ್ಟವು. ಹಳೆಯ ಊರು ಪೂರ್ತಿ ಹೋಗಲಿಲ್ಲ. ಅದರ ಪೇಟೆ ಇಂದಿಗೂ ಜನರಿಂದ ತುಂಬಿದೆ. ಆದರೆ ಒಂದು ಓಣಿ ಎಂದರೆ ಬರಿಯ ಮನೆಗಳ ಸಾಲು ಆಗಿರಲಿಲ್ಲ. ಎದುರುಬದುರು ಬಾಗಿಲು, ಒಂದು ಮನೆಯ ಮಜ್ಜಿಗೆ ಇನ್ನೊಂದು ಮನೆಗೆ, ಒಬ್ಬರ ಕೂಸನ್ನು ಮತ್ತೊಬ್ಬರು ಆಡಿಸುವುದು, ಇದು ಓಣಿ. ನಿವೇಶನಗಳು ಹಂಚಿಕೆಯಾದಾಗ ಎದುರು ಮನೆಯವರು ಹಲವು ಸೆಕ್ಟರುಗಳ ಆಚೆ ಹೋದರು. ಪರಿಹಾರದ ಲೆಕ್ಕದಲ್ಲಿ ಗೋಡೆ, ಬಾಗಿಲು, ಬಾವಿ, ಗಿಡ ಎಲ್ಲವೂ ಬಂದವು. ಆ ನೆರೆಹೊರೆಯನ್ನು ಬರೆಯಲು ಲೆಕ್ಕದ ಹಾಳೆಯಲ್ಲಿ ಕಾಲಮು ಇರಲಿಲ್ಲ.

ಇನ್ನು ನಮ್ಮ ತಪ್ಪಿನ ಮಾತು.

೨೦೦೬ರಲ್ಲಿಯೇ ಸಹಪಾಠಿಯೊಬ್ಬರ ಮಗಳ ಮದುವೆಗೆ ನವನಗರಕ್ಕೆ ಹೋಗಿದ್ದೆವು. ಊಟವಾದ ಮೇಲೆ ಹಳೆಯ ಗೆಳೆಯರೆಲ್ಲ ಜಮಖಾನೆಯ ಮೇಲೆ ಕುಳಿತರು. ಮಾತು ಸಹಜವಾಗಿಯೇ ಊರಿನ ಕಡೆಗೆ ತಿರುಗಿತು. ಒಬ್ಬರಿಗೆ ಪರಿಹಾರ ಸಾಲದಾಗಿತ್ತು. ಇನ್ನೊಬ್ಬರಿಗೆ ಬಂದ ಹಣ ಅಣ್ಣತಮ್ಮಂದಿರ ನಡುವೆ ಜಗಳವಾಗಿ ಕರಗಿತ್ತು. ನಮ್ಮ ಬೆಂಚಿನ ಗೆಳೆಯನ ತಂದೆಯ ಸಮಾಧಿ ಹೊಳೆಯ ದಂಡೆಯ ಹೊಲದಲ್ಲಿತ್ತು. ವರ್ಷವರ್ಷವೂ ಅಲ್ಲಿಗೆ ಹೋಗಿ ಹೂ ಏರಿಸುತ್ತಿದ್ದವನಿಗೆ ಈಗ ಶ್ರಾವಣದಲ್ಲಿ ಆ ಜಾಗವೇ ಕಾಣುತ್ತಿರಲಿಲ್ಲ. ಅವನು ಇದನ್ನು ಹೇಳಿ ಮುಗಿಸುವಷ್ಟರಲ್ಲಿ ನಾವು, ಪ್ರವಚನದ ಚಟಕ್ಕೆ ಬಿದ್ದವರು, "ನಿಮ್ಮ ತ್ಯಾಗ ಸಾಮಾನ್ಯವಲ್ಲ, ಲಕ್ಷಾಂತರ ರೈತರ ಬಾಳು ಅದರಿಂದ ಹಸಿರಾಗುತ್ತದೆ" ಎಂದು ನಾಲ್ಕು ದೊಡ್ಡ ಮಾತು ಆಡಿದೆವು.

ಅದುವರೆಗೆ ನಮ್ಮನ್ನು 'ಲೇ' ಎಂದೇ ಕರೆಯುತ್ತಿದ್ದವನು ಅಂದು ಬಹುವಚನಕ್ಕೆ ಬಂದನು. "ಶಾಸ್ತ್ರಿಗಳ, ತ್ಯಾಗ ಅಂದ್ರ ತಾನಾಗಿ ಕೊಡೋದು. ನಾವು ಕೊಡಲಿಲ್ಲ, ನಮ್ಮ ಕಡಿಂದ ತಗೊಂಡ್ರು. ನಿಮ್ಮ ಊರ ಹೊಲಕ್ಕ ನೀರು ಬರತೈತಿ, ಅದಕ್ಕ ನಿಮಗ ಅದು ತ್ಯಾಗ ಕಂಡಂಗ ಕಾಣತೈತಿ" ಎಂದನು.

ಮಾತು ನಿಜವಾಗಿತ್ತು. ಆ ಹಿನ್ನೀರನ್ನು ಎತ್ತಿ ನಮ್ಮ ಸೀಮೆಯ ಒಣಭೂಮಿಗೆ ಹರಿಸುವ ಮುಳವಾಡ ಏತ ನೀರಾವರಿಯ ಮಾತು ಆಗ ನಮ್ಮ ಹಳ್ಳಿಯ ಪ್ರತಿ ಕಟ್ಟೆಯ ಮೇಲೂ ನಡೆದಿತ್ತು. ನಮ್ಮ ಅಣ್ಣಂದಿರು ಕಾಲುವೆಯ ದಾರಿ ಕಾಯುತ್ತಿದ್ದರು. ಒಂದೇ ಬೆಂಚಿನ ಇಬ್ಬರಲ್ಲಿ ಒಬ್ಬನ ಮನೆ ಹೋಗಿ ಇನ್ನೊಬ್ಬನ ಹೊಲಕ್ಕೆ ನೀರು ಬರುವುದಿತ್ತು. ಇದನ್ನು ಒಪ್ಪಿಕೊಂಡು ಅವನ ಕೈಹಿಡಿದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಮಗೆ ಅಭಿಮಾನ ಅಡ್ಡ ಬಂದಿತು. ಹತ್ತು ಜನರ ಎದುರು ಹೀಗೆಂದನಲ್ಲ ಎಂದು ಮುನಿಸಿಕೊಂಡು ಎದ್ದು ಬಂದೆವು. ಹತ್ತು ವರ್ಷ ಅವನ ಮನೆಯ ಹೊಸ್ತಿಲು ತುಳಿಯಲಿಲ್ಲ.

ನಮ್ಮ ತರಗತಿಯಲ್ಲಿ ಅಂಚೆ ಇಲಾಖೆಯಲ್ಲಿ ನೌಕರಿ ಮಾಡಿ ನಿವೃತ್ತರಾದ ಒಬ್ಬರಿದ್ದಾರೆ. ಪರರ ಕಾಗದಗಳನ್ನು ಹಂಚಿ ಹಂಚಿ ವಿಳಾಸದ ಬೆಲೆ ತಿಳಿದವರು. ಅವರು ಹಿಂದಿನಿಂದಲೂ ಒಂದು ರಟ್ಟಿನ ವಹಿ ಇಟ್ಟಿದ್ದಾರೆ. ಅದರಲ್ಲಿ ನಮ್ಮ ತರಗತಿಯ ನಲವತ್ತೆರಡು ಹೆಸರುಗಳು ಹಾಜರಿಯ ಅನುಕ್ರಮದಲ್ಲಿಯೇ ಇವೆ. ಹೆಸರಿನ ಮುಂದೆ ಹಳೆಯ ಓಣಿ, ಈಗಿನ ಸೆಕ್ಟರು ಅಥವಾ ಊರು, ದೂರವಾಣಿ, ಮಕ್ಕಳ ಹೆಸರು. ಯಾರ ಮನೆಯಲ್ಲಿ ಸುಖವಾದರೂ ದುಃಖವಾದರೂ ಅವರಿಂದ ಸುದ್ದಿ. ಮೊದಲು ಇನ್‌ಲ್ಯಾಂಡ್ ಪತ್ರದಲ್ಲಿ, ಈಗ ಮೊಬೈಲಿನಲ್ಲಿ. ೨೦೧೬ರ ಶ್ರಾವಣದಲ್ಲಿ ಅವರು ನಮಗೆ ಕರೆಮಾಡಿ, "ನಿಮ್ಮ ಬೆಂಚಿನವನಿಗೆ ಆರಾಮಿಲ್ಲ, ಲಗೂನ ಬಂದು ಹೋಗ್ರಿ" ಎಂದರು. ನಾವು ಆಗ ಒಂದು ಊರಿನಲ್ಲಿ ತಿಂಗಳ ಪುರಾಣ ಹೇಳುತ್ತಿದ್ದೆವು. ಮಂಗಲವಾದ ಮೇಲೆ ಬರುತ್ತೇವೆಂದೆವು. ಒಂದು ರಾತ್ರಿಯ ಪ್ರಯಾಣ. ಮನಸ್ಸು ಮಾಡಿದ್ದರೆ ಒಂದು ದಿನ ಬಿಡುವು ಕೇಳಬಹುದಿತ್ತು. ಭಕ್ತರು ಬೇಡವೆನ್ನುತ್ತಿರಲಿಲ್ಲ. ಪುರಾಣ ಒಂದು ನೆಪ. ಒಳಗಿದ್ದುದು ಹತ್ತು ವರ್ಷದ ಮುನಿಸು. ಎರಡನೆಯ ವಾರದಲ್ಲಿ ಅವನು ಲಿಂಗೈಕ್ಯನಾದನು. ಮಣ್ಣಿಗೂ ನಾವು ಸಕಾಲಕ್ಕೆ ಮುಟ್ಟಲಿಲ್ಲ.

ಆ ಮೇಲೆ ಅವನ ಮನೆಗೆ ಹೋದಾಗ ಅವನ ಧರ್ಮಪತ್ನಿ ಚಾಪೆ ಹಾಸಿ ಕೂಡ್ರಿಸಿ ಹೇಳಿದರು: "ಅಣ್ಣಾರ, ಕಡೀ ತನಕ ನಿಮ್ಮನ್ನ ಕೇಳಿದ್ರು. 'ಅವಂಗ ಪುರಾಣ ಐತಿ, ಮುಗಿಸಿಕೊಂಡು ಬರ್ತಾನ' ಅಂತ ಮತ್ತ ತಾವ ಅಂದ್ರು."

ನಾವು ಆಡದೆ ಉಳಿದ ಕ್ಷಮೆಯ ಮಾತನ್ನು ಅವನೇ ನಮ್ಮ ಪರವಾಗಿ ಆಡಿ ಹೋಗಿದ್ದನು. ನಮ್ಮ ಬಾಯಿಂದ ಒಂದು ಶಬ್ದವೂ ಹೊರಡಲಿಲ್ಲ. ನಲವತ್ತು ವರ್ಷ ಪ್ರವಚನ ಹೇಳಿದ ನಾಲಿಗೆ ಅಂದು ನಮ್ಮದಾಗಿರಲಿಲ್ಲ.

ಅಷ್ಟರಲ್ಲಿ ಅವನ ಮಗ ಬಂದು ಹತ್ತಿರ ಕುಳಿತನು. ಇಪ್ಪತ್ತು ವರ್ಷದ ಹುಡುಗ. ಹಳೆಯ ಮನೆ ಬಿಟ್ಟಾಗ ಅವನು ಇನ್ನೂ ಕೂಸು. "ಕಾಕಾ, ಹಳೇ ಊರಿನ ಮಾತು ತಗದ್ರ ಅಪ್ಪ ಸುಮ್ಮನಾಗಿಬಿಡ್ತಿದ್ರು. ನಮ್ಮ ಮನಿ ಹೆಂಗಿತ್ತು? ಅಪ್ಪ ಸಣ್ಣವರಿದ್ದಾಗ ಹೆಂಗಿದ್ರು?" ಎಂದು ಕೇಳಿದನು.

ಆಗ ನಮಗೆ ಸಹಪಾಠಿಯ ಕರ್ತವ್ಯ ಯಾವುದೆಂಬುದು ಗೊತ್ತಾಯಿತು. ಅವನ ತಾಯಿ ತಂದೆಗಳಿಲ್ಲ. ಹೆಂಡತಿ ಅವನನ್ನು ಕಂಡದ್ದು ಮದುವೆಯ ನಂತರ. ಮಕ್ಕಳು ಕಂಡದ್ದು ಸಂಸಾರದ ಭಾರದಲ್ಲಿ ಬಾಗಿದ ಮನುಷ್ಯನನ್ನು. ಮನೆ ನೀರಿನ ಕೆಳಗಿದೆ. ಹದಿನಾಲ್ಕು ವರ್ಷದ ಆ ತುಂಟ ಹುಡುಗನನ್ನು, ದೋಣಿಯಲ್ಲಿ ಶಾಲೆಗೆ ಬರೋಣವೆಂದು ಕೂಗಿದವನನ್ನು, ಹಲಗಿ ಬಾರಿಸಿ ಬೆರಳು ಒಡೆದುಕೊಂಡವನನ್ನು ಬಲ್ಲವರು ಈ ಲೋಕದಲ್ಲಿ ಇನ್ನು ಅವನ ತರಗತಿಯವರು ಮಾತ್ರ. ನಾವು ಹೇಳದಿದ್ದರೆ ಆ ಹುಡುಗ ಎರಡನೆಯ ಸಲ ಸಾಯುತ್ತಾನೆ. ಅಂದು ನಾವು ಎರಡು ತಾಸು ಮಾತನಾಡಿದೆವು: ಅಂಗಡಿಯ ಹಿಂದಿನ ಕತ್ತಲೆಯ ಪಡಸಾಲೆ, ಮೂರು ಮೆಟ್ಟಿಲಿನ ಕಟ್ಟೆ, ಅಜ್ಜಿ ಬಡಿಸಿದ ಎಣ್ಣೆಗಾಯಿ, ಕಡಲೆಗಿಡದ ಕಳ್ಳತನ. ಮಗ ನಕ್ಕನು. ಒಳಗಿನಿಂದ ತಾಯಿಯೂ ನಕ್ಕದ್ದು ಕೇಳಿಸಿತು. ಅವನು ಹೋದ ಮೇಲೆ ಆ ಮನೆಯಲ್ಲಿ ಕೇಳಿದ ಮೊದಲ ನಗು ಅದೇ ಎಂದು ಆ ಮೇಲೆ ತಿಳಿಯಿತು.

ಬಂಧುಗಳೇ, ಆಮೇಲೆ ೨೦೨೦ ಮತ್ತು ೨೦೨೧ರ ಕೊರೋನಾ ಕಾಲ ಬಂದಿತು. ನಮ್ಮ ಪಟ್ಟಿಯ ನಾಲ್ವರು ಆಗ ಹೋದರು. ಯಾರ ಮಣ್ಣಿಗೂ ಯಾರೂ ಹೋಗುವಂತಿರಲಿಲ್ಲ. ವಹಿಯ ಗೆಳೆಯರು ನಮಗೆಲ್ಲ ಒಂದು ಕೆಲಸ ಹಚ್ಚಿದರು. ಪ್ರತಿಯೊಬ್ಬರೂ ಹೋದವನ ಕುರಿತು ತಾವು ಕಂಡ ಒಂದು ಘಟನೆಯನ್ನು ಒಂದು ಪುಟದಲ್ಲಿ ಬರೆದು ಅವನ ಮನೆಗೆ ಅಂಚೆಯಲ್ಲಿ ಕಳಿಸಬೇಕು. ಹೊಗಳಿಕೆ ಬೇಡ, ಘಟನೆ ಸಾಕು. ಒಂದೊಂದು ಮನೆಗೆ ಹತ್ತು ಹನ್ನೆರಡು ಪುಟ ಹೋದವು. ಒಬ್ಬರ ಮಗಳು ಅವನ್ನು ಹೊಲಿಸಿ ದೇವರ ಕೋಣೆಯಲ್ಲಿ ಇಟ್ಟಿದ್ದಾಳೆ.

೨೦೨೫ರ ಬೇಸಿಗೆಯಲ್ಲಿ, ಶಾಲೆ ಬಿಟ್ಟು ಐವತ್ತು ವರ್ಷವಾದ ನೆನಪಿಗೆ, ಉಳಿದವರು ನವನಗರದಲ್ಲಿ ಕೂಡಿದೆವು. ಹಾರ ತುರಾಯಿ ಬೇಡ, ಭಾಷಣ ಬೇಡ ಎಂದು ಮೊದಲೇ ನಿಶ್ಚಯವಾಗಿತ್ತು. ವಹಿ ತೆರೆದು ಹಾಜರಿ ಕರೆದರು. ಇದ್ದವರು 'ಹಾಜರ್' ಎಂದರು. ಇಲ್ಲದವರು ಹದಿನೇಳು. ಅವರ ಹೆಸರು ಬಂದಾಗ ಅವರ ಪಕ್ಕದಲ್ಲಿ ಕುಳಿತಿದ್ದವರು ಎದ್ದುನಿಂತು ಒಂದು ನೆನಪು ಹೇಳಬೇಕು. ನಮ್ಮ ಬೆಂಚಿನ ಹೆಸರು ಬಂದಾಗ ನಾವು ಎದ್ದು, ೨೦೦೬ರಲ್ಲಿ ಅವನು ಆಡಿದ ಮಾತನ್ನೇ ಹೇಳಿ, ಅದು ಸರಿಯಾಗಿತ್ತೆಂದು ಅವನ ಮಗನ ಎದುರಿಗೆ ಒಪ್ಪಿಕೊಂಡೆವು. ಇಂದು ನಮ್ಮ ಹಳ್ಳಿಯ ಹೊಲಕ್ಕೆ ನೀರು ಬಂದಿದೆ. ಆ ನೀರು ಯಾರ ಅಂಗಳದ ಮೇಲಿಂದ ಹಾದು ಬಂದಿದೆ ಎಂಬುದನ್ನು ನಮ್ಮ ಅಣ್ಣನ ಮಕ್ಕಳಿಗೆ ಹೇಳಿದ್ದೇವೆ. ಅವರು ಬೆಳೆದ ಮೊದಲ ರಾಶಿಯ ಒಂದು ಚೀಲ ಜೋಳವನ್ನು ಆ ಮನೆಗೆ ಮುಟ್ಟಿಸಿ ಬಂದರು. ಅದು ಋಣ ತೀರಿಸಲು ಒಯ್ದದ್ದಲ್ಲ. ಋಣ ನೆನಪಿದೆ ಎಂದು ತಿಳಿಸಲು ಒಯ್ದದ್ದು.

ಮಧ್ಯಾಹ್ನ ಒಂದು ದೊಡ್ಡ ಹಾಳೆ ಹಾಸಿ ಮುಳುಗಿದ ಓಣಿಯ ನಕಾಶೆ ಬರೆಯಲು ಕುಳಿತರು. ಗಂಡಸರಿಗೆ ಅಂಗಡಿಗಳಷ್ಟೇ ನೆನಪು. ಮನೆಮನೆಯ ಸಾಲು, ಯಾರ ಹಿತ್ತಲಲ್ಲಿ ಬಾವಿ, ಯಾರ ಅಂಗಳದಲ್ಲಿ ಪತ್ರಿಯ ಗಿಡ ಎಂಬುದನ್ನೆಲ್ಲ ತಪ್ಪಿಲ್ಲದೆ ಹೇಳಿದವರು ಸೊಲ್ಲಾಪುರದಿಂದ ಬಂದಿದ್ದ ಸಹಪಾಠಿನಿ. ಅವರನ್ನು ಹುಡುಕಲು ವಹಿಯ ಗೆಳೆಯರಿಗೆ ಮೂವತ್ತಾರು ವರ್ಷ ಹಿಡಿದಿತ್ತು. ಮದುವೆಯಾಗಿ ಊರು ಬದಲಾಯಿತು, ಅಡ್ಡಹೆಸರು ಬದಲಾಯಿತು. ಅತ್ತೆಮನೆಯಲ್ಲಿ ಗಂಡಿನ ಗೆಳೆಯರಿಗೆ ಚಹಾ ಮಾಡಿಕೊಟ್ಟರಲ್ಲದೆ, ನಿನ್ನ ಗೆಳತಿಯರು ಯಾರು ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಸಂಜೆ ಎಲ್ಲರೂ ಹಳೆಯ ಊರಿನ ಹೊಳೆಯ ದಂಡೆಗೆ ಹೋದೆವು. ನೀರು ಇಳಿದಿತ್ತು. ಬಿರಿದ ಕೆಸರಿನಲ್ಲಿ ಅಡಿಪಾಯದ ಕಲ್ಲುಗಳು ಕಾಣುತ್ತಿದ್ದವು. ಆ ತಾಯಿ ನಕಾಶೆ ಹಿಡಿದು ನಡೆದು, ಮೂರು ಮೆಟ್ಟಿಲು ಉಳಿದಿದ್ದ ಒಂದು ಕಡೆ ನಿಂತು, "ತಮ್ಮಾ, ಇದ ನಿಮ್ಮ ಮನಿ" ಎಂದು ನಮ್ಮ ಗೆಳೆಯನ ಮಗನಿಗೆ ತೋರಿಸಿದರು. ಹುಡುಗನು ಚಪ್ಪಲಿ ಬಿಟ್ಟು ಆ ಮೆಟ್ಟಿಲ ಮೇಲೆ ಕುಳಿತನು.

ಕೂಡಲಸಂಗಮಕ್ಕೆ ನೀವೆಲ್ಲರೂ ಹೋಗಿದ್ದೀರಿ. ಅಲ್ಲಿಯೂ ನಾರಾಯಣಪುರದ ಕಟ್ಟೆಯ ಹಿನ್ನೀರು ಬಂದಿತು. ಬಸವಣ್ಣನವರ ಐಕ್ಯಸ್ಥಳ ಮುಳುಗಬಾರದೆಂದು ನಾಡು ಅದರ ಸುತ್ತ ಬಾವಿಯಂತೆ ಗೋಡೆ ಕಟ್ಟಿತು. ನಾವು ಸೇತುವೆಯ ಮೇಲೆ ನಡೆದು, ಮೆಟ್ಟಿಲಿಳಿದು ದರ್ಶನ ಪಡೆಯುತ್ತೇವೆ. ಲೋಕಕ್ಕೆ ಬೇಕಾದ ಸ್ಥಳಕ್ಕೆ ಲೋಕ ಗೋಡೆ ಕಟ್ಟುತ್ತದೆ. ಒಬ್ಬ ಬಟ್ಟೆಯ ವ್ಯಾಪಾರಿಯ ಮೂರು ಮೆಟ್ಟಿಲಿಗೆ ಯಾರು ಕಟ್ಟಬೇಕು? ಅದು ಅವನ ಜೊತೆಗೆ ಓದಿದವರ ಪಾಲಿನ ಕೆಲಸ. ಲಿಂಗನಮಕ್ಕಿಯ ನೀರಿನಲ್ಲಿ ಊರು ಕಳೆದುಕೊಂಡ ಶರಾವತಿಯ ಜನಕ್ಕೂ, ೨೦೦೫ರಲ್ಲಿ ಭಾಗೀರಥಿಯ ನೀರಿಗೆ ಊರು ಬಿಟ್ಟ ಟೆಹರಿಯ ಜನಕ್ಕೂ ಇದು ಒಂದೇ ಮಾತು.

ಈ ಕಥೆ ಮುಗಿದಿಲ್ಲವೆಂಬುದನ್ನೂ ನೆನಪಿಡಬೇಕು. ಆಲಮಟ್ಟಿಯಲ್ಲಿ ೫೨೪.೨೫೬ ಮೀಟರಿನವರೆಗೆ ನೀರು ನಿಲ್ಲಿಸಲು ಕೃಷ್ಣಾ ಜಲವಿವಾದ ನ್ಯಾಯಾಧಿಕರಣವು ೨೦೧೦ರಲ್ಲಿ ಒಪ್ಪಿದೆ. ಅದು ಕಾರ್ಯಗತವಾದ ದಿನ ಇನ್ನೂ ಹಲವು ಹಳ್ಳಿಗಳ ಶಾಲೆಗಳು, ಓಣಿಗಳು ಎದ್ದು ಹೋಗಬೇಕಾಗುತ್ತದೆ. ಆ ಊರುಗಳ ತಂದೆತಾಯಿಗಳೇ, ಶಿಕ್ಷಕರೇ, ಈಗಲೇ ನಿಮ್ಮ ಮಕ್ಕಳ ಕೈಯಿಂದ ಓಣಿಯ ನಕಾಶೆ ಬರೆಸಿರಿ. ತರಗತಿಯ ಪಟ್ಟಿಯನ್ನು ಜೋಪಾನವಾಗಿ ಇಡಿರಿ. ನೀರು ಬಂದ ಮೇಲೆ ಬರೆಯುವುದು ಕಷ್ಟ.

ಊರು ಮುಳುಗದವರಿಗೂ ನಮ್ಮ ಕೆಲವು ವಿನಂತಿಗಳಿವೆ. ಅರವತ್ತು ದಾಟಿದವರು ತಮ್ಮ ತರಗತಿಯ ಹೆಸರುಗಳನ್ನು ಇಂದೇ ಒಂದು ವಹಿಯಲ್ಲಿ ಬರೆಯಲಿ. ನೆನಪಾಗದ ಹೆಸರನ್ನು ಇನ್ನೊಬ್ಬರಿಗೆ ಕೇಳಲಿ, ಆ ಕೇಳುವುದರಿಂದಲೇ ಸಂಬಂಧ ಚಿಗುರುತ್ತದೆ. ಮನೆಯ ಯಜಮಾನರು ತಮ್ಮ ಧರ್ಮಪತ್ನಿಯರನ್ನು, ಸೊಸೆಯಂದಿರನ್ನು "ನಿನ್ನ ಜೊತೆ ಯಾರು ಓದಿದ್ದರು?" ಎಂದು ಕೇಳಲಿ, ಹುಡುಕಲು ನೆರವಾಗಲಿ. ಗೆಳೆಯನಿಗೆ ಆರಾಮಿಲ್ಲವೆಂದು ಸುದ್ದಿ ಬಂದರೆ ಕೆಲಸ ಮುಗಿಸಿ ಹೋಗುತ್ತೇವೆನ್ನಬೇಡಿರಿ. ಮುನಿಸಿದ್ದರೆ ಇನ್ನೂ ಬೇಗ ಹೋಗಿರಿ. ದುಃಖದ ಮನೆಗೆ ಹೋದಾಗ ವೈರಾಗ್ಯದ ಉಪದೇಶ ಬೇಡ. ಅದನ್ನು ಹೇಳುವುದೇ ವೃತ್ತಿಯಾದ ನಾವು ಈ ಮಾತು ಹೇಳುತ್ತಿದ್ದೇವೆ. ಆ ಮಕ್ಕಳಿಗೆ ಅವರ ತಂದೆಯ, ತಾಯಿಯ ಬಾಲ್ಯದ ಒಂದು ಸಣ್ಣ ಕಥೆ ಹೇಳಿ ಬನ್ನಿರಿ. ಅದನ್ನು ಬೇರೆ ಯಾವ ಬಂಧುವೂ ಕೊಡಲಾರನು.

ವಹಿಯ ಗೆಳೆಯರಿಗೆ ಈಗ ಕಣ್ಣು ಮಂದವಾಗಿದೆ. ಕಳೆದ ಸಲ ಅವರು ಆ ವಹಿಯನ್ನು ನಮ್ಮ ಬೆಂಚಿನ ಗೆಳೆಯನ ಮಗನ ಕೈಗೆ ಕೊಟ್ಟರು. ನಾವು ಮರಳಿ ಬಂದು ಎಂಟು ದಿನವಾಗಿರಲಿಲ್ಲ, ಅವನ ಕರೆ ಬಂದಿತು: "ಕಾಕಾ, ಹನ್ನೊಂದನೇ ನಂಬರಿನವರನ್ನ ದವಾಖಾನಿಗೆ ಸೇರಿಸ್ಯಾರ. ಯಾವಾಗ ಬರ್ತೀರಿ?"

ನಾವು ಅಂದೇ ರಾತ್ರಿಯ ಬಸ್ಸಿಗೆ ಹೊರಟೆವು.